ಗೊರಕೆ ಮೆಷಿನ್ ಬದಲಾಯಿಸಬೇಕೇ? ಸಾಲದ ಅರ್ಜಿ ಬರೆಯುವ ಮುಂಚೆ ನೋಡಬೇಕಾದ್ದು

(ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯ ಆರೋಗ್ಯ ಮಾಹಿತಿ ಅವಧಿಯಲ್ಲಿ ಆಡಿದ ಮಾತುಗಳು)



ಪ್ರತಿ ತಿಂಗಳೂ ನಾವು ರಕ್ತಹೀನತೆ, ಸಕ್ಕರೆ ಕಾಯಿಲೆ, ಬಿಪಿ ಅಂತ ಒಂದೊಂದು ವಿಷಯ ತೆಗೆದುಕೊಂಡು ಮಾತಾಡುತ್ತಾ ಬಂದಿದ್ದೇವೆ. ಇವತ್ತಿನ ವಿಷಯ ಸ್ವಲ್ಪ ಬೇರೆ. ಹತ್ತು ಹದಿನೈದು ವರ್ಷದ ಹಿಂದೆ ಹಳ್ಳಿ ಕಡೆ ಈ ಮೆಷಿನ್ನಿನ ಹೆಸರನ್ನೇ ಕೇಳಿದವರು ಕಡಿಮೆ. ಈಗ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಲ್ಲೂ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಮಂಚದ ಪಕ್ಕ ಒಂದು ಪುಟ್ಟ ಪೆಟ್ಟಿಗೆ, ಅದರಿಂದ ಒಂದು ಪೈಪು, ಪೈಪಿನ ತುದಿಗೆ ಮೂಗಿಗೆ ಹಾಕುವ ಮಾಸ್ಕ್ ಕಾಣಿಸುತ್ತದೆ. ವೈದ್ಯರು ಅದನ್ನು ಸಿಪ್ಯಾಪ್ ಅಂತಾರೆ. ಮನೆಯವರು ಗೊರಕೆ ಮೆಷಿನ್ ಅಂತಾರೆ. ನಾವೂ ಹಾಗೇ ಕರೆಯೋಣ.

ಈ ವಿಷಯ ಸಂಘದ ಸಭೆಗೆ ಯಾಕೆ ಬಂತು ಅಂದರೆ, ಇದು ಕೊನೆಗೆ ಬಂದು ನಿಲ್ಲುವುದು ಸಂಘದ ಸಾಲದ ಪುಸ್ತಕದಲ್ಲಿ. ಹೊಸ ಮೆಷಿನ್ನಿಗೆ ಮಾದರಿ ನೋಡಿಕೊಂಡು ಮೂವತ್ತು ನಲವತ್ತು ಸಾವಿರದಿಂದ ಮೇಲಕ್ಕೆ ಆಗುತ್ತದೆ. "ನಿಮ್ಮ ಮೆಷಿನ್ನಿಗೆ ಐದು ವರ್ಷ ಆಯ್ತು, ಬದಲಾಯಿಸಿಬಿಡಿ" ಅಂತ ಮಾರುವವರು ಹೇಳುತ್ತಾರೆ. ಮನೆಯವರಿಗೆ ದಿಗಿಲು. ಸಾಲದ ಅರ್ಜಿ ಬರುತ್ತದೆ. ಇನ್ನು ಕೆಲವು ಮನೆಯಲ್ಲಿ ಇದಕ್ಕೆ ತದ್ವಿರುದ್ಧ. ಮೆಷಿನ್ ಕೆಟ್ಟು ಮೂರು ತಿಂಗಳಾದರೂ ದುಡ್ಡಿಲ್ಲ ಅಂತ ಮೂಲೆಗೆ ಸೇರಿಸಿ, ರೋಗಿ ಹಳೇ ಥರ ಗೊರಕೆ ಹೊಡೆಯುತ್ತಾ ಮಲಗಿರುತ್ತಾರೆ. ಬೇಡದ ಸಾಲವೂ ತಪ್ಪಬೇಕು, ಬೇಕಾದಾಗ ತಡವೂ ಆಗಬಾರದು. ಇದನ್ನು ತೀರ್ಮಾನ ಮಾಡುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

ಮೊದಲು ಕಾಯಿಲೆ ಏನು ಅಂತ ಎರಡು ಮಾತು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು, ಕೆಲವರಿಗೆ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ನಿಂತು, ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತಾರೆ. ಒಂದು ಗಂಟೆಗೆ ಎಷ್ಟು ಸಲ ಹೀಗೆ ಆಗುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಐದಕ್ಕಿಂತ ಕಡಿಮೆ ಇದ್ದರೆ ಚಿಂತೆ ಇಲ್ಲ. ಮೂವತ್ತು ದಾಟಿದರೆ ತೀವ್ರ. ಅಂಥವರಿಗೆ ರಾತ್ರಿಯಿಡೀ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಬಿಪಿ ಏರುತ್ತದೆ, ಹೃದಯಕ್ಕೆ ಭಾರ. ಹಗಲು ತೂಕಡಿಕೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಲಾರಿ, ಬಸ್ಸು, ಕ್ಯಾಬ್ ಓಡಿಸುವ ಗಂಡಸರು ನಮ್ಮ ಎಷ್ಟು ಮನೆಗಳಲ್ಲಿದ್ದಾರೆ, ನಿಮಗೇ ಗೊತ್ತು. ಸ್ಟಿಯರಿಂಗ್ ಹಿಡಿದವರಿಗೆ ತೂಕಡಿಕೆ ಬಂದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಮೆಷಿನ್ ಮಾಡುವ ಕೆಲಸ ಬಹಳ ಸರಳ. 1981ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ತಮ್ಮ ಜೊತೆಯವರೊಂದಿಗೆ ಐದು ಜನ ರೋಗಿಗಳ ಮೂಗಿಗೆ ಒತ್ತಡದಲ್ಲಿ ಗಾಳಿ ಕೊಟ್ಟು, ಉಸಿರಿನ ದಾರಿ ಮುಚ್ಚದ ಹಾಗೆ ಇಡಬಹುದು ಅಂತ ತೋರಿಸಿಕೊಟ್ಟರು. ಇವತ್ತಿನ ಪೆಟ್ಟಿಗೆಯೂ ಅದನ್ನೇ ಮಾಡುತ್ತದೆ. ಒಳಗೆ ಒಂದು ಚಿಕ್ಕ ಫ್ಯಾನು, ಅದನ್ನು ತಿರುಗಿಸುವ ಮೋಟಾರು, ಒತ್ತಡ ಅಳೆಯುವ ಸೆನ್ಸರು, ಇಷ್ಟೇ. ಅದು ಆಕ್ಸಿಜನ್ ಕೊಡುವ ಮೆಷಿನ್ ಅಲ್ಲ. ಮನೆಯ ಗಾಳಿಯನ್ನೇ ಎಳೆದು ಒತ್ತಿ ಕೊಡುತ್ತದೆ. ಆದ್ದರಿಂದ ಮನೆಯ ಗಾಳಿ ಹೇಗಿದೆಯೋ ಮೆಷಿನ್ನಿನ ಆಯಸ್ಸೂ ಹಾಗೆ.

ಇದನ್ನು ನಮ್ಮ ಊರಿಗೆ ಹೊಂದಿಸಿ ನೋಡಿ. ರಾಮನಗರದಲ್ಲಿ ನೂಲು ಬಿಚ್ಚಾಣಿಕೆ ಮಾಡುವ ಮನೆ ಇದ್ದರೆ ಒಲೆಯ ಹೊಗೆ, ಗೂಡು ಬೇಯಿಸುವ ಆವಿ. ಚನ್ನಪಟ್ಟಣದ ಬೊಂಬೆ ಕೆಲಸದ ಮನೆಯಾದರೆ ಲೇತಿನಿಂದ ಹಾರುವ ಮರದ ಪುಡಿ. ಕನಕಪುರ, ಮಾಗಡಿ ಕಡೆ ಹುಳು ಸಾಕುವ ಮನೆಯಾದರೆ ಸುಣ್ಣ, ಬ್ಲೀಚಿಂಗ್ ಪುಡಿ, ಫಾರ್ಮಲಿನ್. ಕಂಪನಿಯವರು ಪುಸ್ತಕದಲ್ಲಿ ಫಿಲ್ಟರ್ ತಿಂಗಳಿಗೊಮ್ಮೆ ಬದಲಿಸಿ ಅಂತ ಬರೆದಿದ್ದರೆ, ಇಂಥ ಮನೆಗಳಲ್ಲಿ ಹದಿನೈದು ದಿನಕ್ಕೇ ಅದು ಕಪ್ಪಾಗಿರುತ್ತದೆ. ಹುಳು ಮನೆಗೆ ಔಷಧಿ ಹೊಡೆಯುವ ದಿನ ಮೆಷಿನ್ನನ್ನು ಆ ಕಡೆ ಇಡಲೇಬೇಡಿ. ಹಾಸಿಗೆ ಕೋಣೆಯೂ ಹುಳು ಮನೆಯೂ ಒಂದೇ ಆಗಿರುವವರು ಬಟ್ಟೆಯಲ್ಲಿ ಸುತ್ತಿ ಬೇರೆ ಮನೆಯಲ್ಲಿಟ್ಟು, ವಾಸನೆ ಪೂರ್ತಿ ಹೋದ ಮೇಲೆ ತನ್ನಿ. ರೋಗಿಯೂ ಆ ರಾತ್ರಿ ಅಲ್ಲಿ ಮಲಗಬಾರದು, ಅದು ಬೇರೆ ಮಾತು.

ಈಗ ಮುಖ್ಯ ವಿಷಯಕ್ಕೆ ಬರೋಣ. "ಮೆಷಿನ್ ಹೋಯ್ತು" ಅಂತ ಅಂದುಕೊಳ್ಳುವಾಗ ಎಷ್ಟೋ ಸಲ ಹೋಗಿರುವುದು ಮೆಷಿನ್ ಅಲ್ಲ, ಅದರ ಜೊತೆಯ ಸಣ್ಣ ಸಾಮಾನು. ಹೊಲಿಗೆ ಮೆಷಿನ್ನಿನ ಸೂಜಿ ಮೊಂಡಾದರೆ ಮೆಷಿನ್ನನ್ನೇ ಬಿಸಾಡುತ್ತೇವೆಯೇ? ಇಲ್ಲೂ ಹಾಗೇ. ಮಾಸ್ಕಿನ ಸಿಲಿಕಾನ್ ಮೆತ್ತೆ ಮುಖದ ಎಣ್ಣೆ, ಬೆವರಿಗೆ ಕೆಲವೇ ತಿಂಗಳಲ್ಲಿ ಗಟ್ಟಿಯಾಗುತ್ತದೆ, ಇಲ್ಲವೇ ಜೋತು ಬೀಳುತ್ತದೆ. ತಲೆಗೆ ಕಟ್ಟುವ ಪಟ್ಟಿಯ ಎಲಾಸ್ಟಿಕ್ ಸಡಿಲವಾಗುತ್ತದೆ. ಪೈಪು ಮಡಚುವ ಜಾಗದಲ್ಲಿ ಸೀಳುತ್ತದೆ. ಇವು ಯಾವುದೇ ಒಂದು ಆದರೂ ಗಾಳಿ ಹೊರಗೆ ಸೋರಿ, ಗಂಟಲಿಗೆ ಬೇಕಾದ ಒತ್ತಡ ಸಿಗುವುದಿಲ್ಲ, ಗೊರಕೆ ವಾಪಸು ಬರುತ್ತದೆ. ಪೈಪನ್ನು ಮೆಷಿನ್ನಿಗೆ ಹಾಕಿ, ಗಾಳಿ ಬಿಟ್ಟು, ಉದ್ದಕ್ಕೂ ಕೆನ್ನೆ ಹತ್ತಿರ ಹಿಡಿದು ನೋಡಿ. ಸೋರಿದರೆ ಕೆನ್ನೆಗೆ ಗೊತ್ತಾಗುತ್ತದೆ. ರಾತ್ರಿ ಮಾಸ್ಕ್ ಹಾಕಿದಾಗ ಕಣ್ಣಿನ ಕಡೆ ಗಾಳಿ ಹೊಡೆದು ಬೆಳಿಗ್ಗೆ ಕಣ್ಣು ಉರಿಯುತ್ತಿದ್ದರೆ ಮೆತ್ತೆ ಹೋಗಿದೆ ಅಂತ ಅರ್ಥ. ಮಾಸ್ಕಿನಲ್ಲಿ ಉಸಿರು ಹೊರಗೆ ಹೋಗಲಿಕ್ಕೆ ಅಂತಲೇ ಸಣ್ಣ ತೂತುಗಳಿರುತ್ತವೆ, ಅದನ್ನು ಸೋರಿಕೆ ಅಂದುಕೊಂಡು ಟೇಪು ಅಂಟಿಸಬೇಡಿ. ಅದು ಅಪಾಯ.

ಫಿಲ್ಟರ್ ಕಟ್ಟಿಕೊಂಡರೆ ಮೋಟಾರು ಏದುಸಿರು ಬಿಟ್ಟ ಹಾಗೆ ಶಬ್ದ ಮಾಡುತ್ತದೆ, ಪೆಟ್ಟಿಗೆ ಬಿಸಿಯಾಗುತ್ತದೆ. ಜನ ಮೋಟಾರು ಹೋಯ್ತು ಅಂತಾರೆ. ಹೊಸ ಫಿಲ್ಟರ್ ಹಾಕಿದ ಮೇಲೂ ಶಬ್ದ ನಿಲ್ಲದಿದ್ದರೆ ಆಗ ಮೋಟಾರಿನ ಮಾತು. ಬಿಳಿ ಕಾಗದದಂಥ ಫಿಲ್ಟರನ್ನು ತೊಳೆದು ಮತ್ತೆ ಹಾಕಬೇಡಿ. ಸ್ಪಂಜಿನ ಥರದ್ದು ಮಾತ್ರ ತೊಳೆದು, ಪೂರ್ತಿ ಒಣಗಿಸಿ ಹಾಕಬಹುದು.

ನೀರಿನ ಡಬ್ಬಿಯ ಕಥೆ ನಮ್ಮ ಕಡೆ ಇನ್ನೊಂದು. ನಮ್ಮ ಬೋರ್‌ವೆಲ್ ನೀರು ಗಡಸು. ಅನ್ನ ಮಾಡುವ ಪಾತ್ರೆಗೆ ಬಿಳಿ ಪೊರೆ ಕಟ್ಟುವುದನ್ನು ನೋಡಿದ್ದೀರಿ. ಅದೇ ನೀರನ್ನು ಮೆಷಿನ್ನಿನ ಡಬ್ಬಿಗೆ ಹಾಕಿದರೆ ತಳಕ್ಕೆ ಸುಣ್ಣ ಕಟ್ಟಿ, ಬಿಸಿ ಮಾಡುವ ತಟ್ಟೆ ನೀರಿಗೆ ಶಾಖ ಮುಟ್ಟಿಸುವುದಿಲ್ಲ, ಡಬ್ಬಿ ಬಿರುಕು ಬಿಡುತ್ತದೆ, ನೀರು ಮೆಷಿನ್ ಒಳಗೆ ಇಳಿಯುತ್ತದೆ. ಹೀಗೆ ಮೋಟಾರು ಹೋದರೆ ಮಾತ್ರ ದುಬಾರಿ. ಕಂಪನಿಗಳು ಹೇಳುವುದು ಡಿಸ್ಟಿಲ್ಡ್ ವಾಟರ್. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತನ್ನಿ, ವಾಹನದ ಬ್ಯಾಟರಿ ಅಂಗಡಿಯ ಕ್ಯಾನ್ ಬೇಡ. ಉಳಿದ ನೀರನ್ನು ಬೆಳಿಗ್ಗೆ ಚೆಲ್ಲಿ, ಡಬ್ಬಿ ಒಣಗಿಸಿ. ಪೊರೆ ಕಟ್ಟಿದ್ದರೆ ಒಂದು ಪಾಲು ವಿನೆಗರ್‌ಗೆ ಒಂಬತ್ತು ಪಾಲು ನೀರು ಸೇರಿಸಿ ನೆನೆಸಿ ತೊಳೆದರೆ ಬಿಡುತ್ತದೆ. ಡಬ್ಬಿ ಬಿರುಕು ಬಿಟ್ಟರೆ ಡಬ್ಬಿ ಮಾತ್ರ ಬದಲಾಯಿಸಬಹುದು.

ಇನ್ನು ಕರೆಂಟು. ವೋಲ್ಟೇಜ್ ಏರಿಳಿತಕ್ಕೆ ಮೊದಲು ಬಲಿಯಾಗುವುದು ಅಡಾಪ್ಟರ್. ಮೆಷಿನ್ ಆನ್ ಆಗುತ್ತಲೇ ಇಲ್ಲ ಅಂದರೆ ಅಡಾಪ್ಟರ್ ಬೇರೆ ಹಾಕಿ ನೋಡಿ ಅಂತ ಸರ್ವೀಸಿನವರಿಗೆ ಹೇಳಿ. ಅದೇ ಕಂಪನಿಯ, ಅದೇ ವ್ಯಾಟಿನ ಅಡಾಪ್ಟರ್ ಆಗಬೇಕು. ಲ್ಯಾಪ್‌ಟಾಪಿನದ್ದು ತೂತಿಗೆ ಹಿಡಿಸಿತು ಅಂತ ಸಿಕ್ಕಿಸಬಾರದು.

ಇಷ್ಟೆಲ್ಲಾ ನೋಡಿದ ಮೇಲೆ ಉಳಿಯುವುದು ಪೆಟ್ಟಿಗೆ. ಐದು ವರ್ಷ ಅನ್ನುವ ಲೆಕ್ಕ ಸುಳ್ಳೇ? ಪೂರ್ತಿ ಸುಳ್ಳಲ್ಲ. ಕೆಲವು ಕಂಪನಿಗಳು ತಮ್ಮ ಮೆಷಿನ್ನಿನ ಆಯಸ್ಸು ಐದು ವರ್ಷ ಅಂತಲೇ ಬರೆಯುತ್ತವೆ. ಅಮೆರಿಕದ ಸರ್ಕಾರಿ ವಿಮೆ ಐದು ವರ್ಷದ ನಂತರ ಹೊಸದಕ್ಕೆ ಹಣ ಕೊಡುತ್ತದೆ. ಈ ಮಾತು ಹರಡಿದ್ದರಲ್ಲಿ ಆ ವಿಮೆಯ ಪಾಲೂ ಇದೆ. ಆದರೆ ವಿಮೆಯವರು ಹಣ ಕೊಡುವ ದಿನ ಬೇರೆ, ಮೆಷಿನ್ ಕೆಡುವ ದಿನ ಬೇರೆ. ಮೆಷಿನ್ನಿನ ಪರದೆಯಲ್ಲಿ ಒಟ್ಟು ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಲೆಕ್ಕ ಇರುತ್ತದೆ. ರಾತ್ರಿ ಏಳು ಗಂಟೆ ಹಾಕುವವರಿಗೆ ಐದು ವರ್ಷಕ್ಕೆ 12,775 ಗಂಟೆ ಆಗುತ್ತದೆ. ಮೂರೇ ಗಂಟೆ ಹಾಕಿ ಕಿತ್ತು ಬಿಸಾಡುವವರಿಗೆ 5,475 ಗಂಟೆ. ಇಬ್ಬರ ಮೆಷಿನ್ನಿಗೂ ಒಂದೇ ವಯಸ್ಸು ಅಂದರೆ ನ್ಯಾಯವೇ? (ಮೂರೇ ಗಂಟೆ ಹಾಕುವವರಿಗೆ ಮೆಷಿನ್ ಬದಲಿಸುವುದಕ್ಕಿಂತ ಮೊದಲು ಮಾಸ್ಕ್ ಯಾಕೆ ಒಗ್ಗುತ್ತಿಲ್ಲ ಅಂತ ಕೇಳಬೇಕು.) ಕೆಲವು ಮೆಷಿನ್ನುಗಳಲ್ಲಿ ಮೋಟಾರಿನ ಅವಧಿ ಮುಗಿದಿದೆ ಅಂತ ಪರದೆ ಮೇಲೆ ಬರಹ ಬರುತ್ತದೆ. ಅದನ್ನು ನೋಡಿ ಅವತ್ತೇ ರಾತ್ರಿ ನಿಲ್ಲಿಸಬೇಕಾಗಿಲ್ಲ. ಆದರೆ ಒತ್ತಡ ಸರಿಯಾಗಿ ಬರುತ್ತಿದೆಯೇ ಅಂತ ಪರೀಕ್ಷೆ ಮಾಡಿಸಿ, ದುಡ್ಡು ಕೂಡಿಡಲು ಶುರು ಮಾಡುವ ಸೂಚನೆ ಅದು.

ಹಾಗಾದರೆ ಯಾವುದನ್ನು ನಂಬುವುದು? ಎರಡು ಸಾಕ್ಷಿಗಳನ್ನು. ಮೊದಲನೆಯ ಸಾಕ್ಷಿ ನೀವೇ. ಪಕ್ಕದಲ್ಲಿ ಮಲಗುವವರಿಗೆ ಗೊತ್ತಾಗುವಷ್ಟು ಯಾವ ಡಾಕ್ಟರಿಗೂ ಗೊತ್ತಾಗುವುದಿಲ್ಲ. ಮಾಸ್ಕ್ ಸರಿಯಾಗಿ ಹಾಕಿಕೊಂಡಿದ್ದರೂ ಗೊರಕೆ ಬಂತೇ, ನಡುವೆ ಉಸಿರು ನಿಂತು ಬೆಚ್ಚಿ ಎದ್ದರೇ, ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದು ಮತ್ತೆ ಶುರುವಾಯಿತೇ, ಬೆಳಿಗ್ಗೆ ತಲೆನೋವು ಅಂತಾರೆಯೇ, ಮಧ್ಯಾಹ್ನ ಕೂತಲ್ಲೇ ತೂಗುತ್ತಾರೆಯೇ, ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಒಂದು ಗುರುತು ಹಾಕಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರೇ ಸಾಕು. ಎರಡು ವಾರದ ಗುರುತು ತೆಗೆದುಕೊಂಡು ಹೋದರೆ ಡಾಕ್ಟರಿಗೆ ಅದೇ ದೊಡ್ಡ ಸಹಾಯ.

ಎರಡನೆಯ ಸಾಕ್ಷಿ ಮೆಷಿನ್ನಿನ ಒಳಗಿರುವ ವರದಿ. ಹೆಚ್ಚಿನ ಮೆಷಿನ್ನುಗಳು ಚಿಕ್ಕ ಮೆಮೊರಿ ಕಾರ್ಡಿನಲ್ಲೋ ಮೊಬೈಲಿನಲ್ಲೋ ಪ್ರತಿ ರಾತ್ರಿಯ ಲೆಕ್ಕ ಇಡುತ್ತವೆ. ಎಷ್ಟು ಗಂಟೆ ಹಾಕಿದರು, ಗಾಳಿ ಎಷ್ಟು ಸೋರಿತು, ಗಂಟೆಗೆ ಎಷ್ಟು ಸಲ ಉಸಿರು ಕಟ್ಟಿತು. ಬೆಂಗಳೂರಿನ ಆಸ್ಪತ್ರೆಗೆ ತಪಾಸಣೆಗೆ ಹೋಗುವಾಗ ಫೈಲ್ ಮಾತ್ರ ಹಿಡಿದುಕೊಂಡು ಹೋಗಬೇಡಿ, ಕಾರ್ಡ್, ಮಾಸ್ಕ್, ಸಾಧ್ಯವಾದರೆ ಮೆಷಿನ್ನೂ ಬ್ಯಾಗಿನಲ್ಲಿರಲಿ. ಗಂಟೆಗೆ ಐದಕ್ಕಿಂತ ಕಡಿಮೆ, ಸೋರಿಕೆ ಕಡಿಮೆ, ಶಬ್ದ ಇಲ್ಲ, ಹಗಲು ಲವಲವಿಕೆ ಇದೆ ಅಂದರೆ ಮೆಷಿನ್ನಿಗೆ ಆರು ವರ್ಷ ಆಗಿದ್ದರೂ ಅದು ತನ್ನ ಕೆಲಸ ಮಾಡುತ್ತಿದೆ. ಸಾಲ ಬೇಡ. ಸೋರಿಕೆ ಹೆಚ್ಚಿದ್ದು ಉಸಿರು ಕಟ್ಟುವುದೂ ಹೆಚ್ಚಿದ್ದರೆ ಮೊದಲು ಮಾಸ್ಕ್ ನೋಡಿ. ಸೋರಿಕೆ ಇಲ್ಲದೆ ಉಸಿರು ಕಟ್ಟುವುದು ಹೆಚ್ಚಾಗಿದ್ದರೆ ರೋಗಿಯ ತೂಕ ಏರಿದೆಯೇ, ನಿದ್ದೆ ಮಾತ್ರೆ ಅಥವಾ ಕುಡಿತ ಇದೆಯೇ ಅಂತ ಡಾಕ್ಟರು ನೋಡುತ್ತಾರೆ. ಹಲವು ವರ್ಷದ ಹಿಂದೆ ಎಪ್ಪತ್ತು ಕೆಜಿ ಇದ್ದಾಗ ಇಟ್ಟ ಒತ್ತಡ ಎಂಬತ್ತೈದು ಕೆಜಿಗೆ ಸಾಲದಿರಬಹುದು. ಆಗ ಬದಲಾಗಬೇಕಾದ್ದು ಒತ್ತಡದ ಅಳತೆ, ಮೆಷಿನ್ ಅಲ್ಲ. ಆ ಅಳತೆಯನ್ನು ನೀವೇ ಬದಲಾಯಿಸಬೇಡಿ, ಅಂಗಡಿಯವರ ಕೈಲೂ ಬೇಡ, ಡಾಕ್ಟರ ಚೀಟಿ ಬೇಕು.

ಇನ್ನು ನಿಜವಾಗಿ ಬದಲಾಯಿಸಬೇಕಾದ ಸಂದರ್ಭ. ಒತ್ತಡ ಪರೀಕ್ಷೆ ಮಾಡಿಸಿದಾಗ ಇಟ್ಟ ಅಳತೆಗೆ ಗಾಳಿ ಬರುತ್ತಿಲ್ಲ. ಮಧ್ಯರಾತ್ರಿ ತಾನಾಗಿ ನಿಲ್ಲುತ್ತದೆ. ನೀರು ಒಳಗೆ ಹೋಗಿ ಬೋರ್ಡ್ ಕೆಟ್ಟಿದೆ. ಆ ಮಾದರಿ ನಿಂತುಹೋಗಿ ಬಿಡಿಭಾಗ ಸಿಗುತ್ತಿಲ್ಲ. ವಾರಂಟಿ ಮುಗಿದ ಮೇಲೆ ರಿಪೇರಿಗೆ ಹೊಸದರ ಅರ್ಧ ಬೆಲೆ ಕೇಳುತ್ತಾರೆ. ಇವು ನ್ಯಾಯವಾದ ಕಾರಣಗಳು. ಸುಟ್ಟ ವಾಸನೆ ಬಂದರೆ, ಪೈಪು ಅಥವಾ ಮಾಸ್ಕಿನಲ್ಲಿ ಕಪ್ಪು ಚೂರುಗಳು ಕಂಡರೆ ಮಾತ್ರ ಕಾಯುವ ಮಾತಿಲ್ಲ. ಪ್ಲಗ್ ಕಿತ್ತು, ಅವತ್ತೇ ಡಾಕ್ಟರಿಗೆ ಫೋನು ಮಾಡಿ.

ಕಪ್ಪು ಚೂರಿನ ವಿಷಯಕ್ಕೆ ಒಂದು ದೊಡ್ಡ ಉದಾಹರಣೆ ಇದೆ. 2021ರ ಜೂನ್ 14ರಂದು ಫಿಲಿಪ್ಸ್ ಕಂಪನಿ ತನ್ನ ಲಕ್ಷಾಂತರ ಉಸಿರಿನ ಮೆಷಿನ್ನುಗಳನ್ನು ಜಗತ್ತಿನಾದ್ಯಂತ ವಾಪಸು ಕರೆಯಿತು. ಶಬ್ದ ತಗ್ಗಿಸಲು ಒಳಗೆ ಹಾಕಿದ್ದ ಫೋಮು ಕ್ರಮೇಣ ಪುಡಿಯಾಗಿ, ಆ ಪುಡಿಯೂ ಅದರಿಂದ ಏಳುವ ರಾಸಾಯನಿಕವೂ ರೋಗಿಯ ಉಸಿರಿಗೆ ಹೋಗಬಹುದು ಅನ್ನುವುದು ಕಾರಣ. 2021ರ ಏಪ್ರಿಲ್ 26ಕ್ಕೆ ಮುಂಚೆ ತಯಾರಾದ ಮೊದಲ ತಲೆಮಾರಿನ ಡ್ರೀಮ್‌ಸ್ಟೇಷನ್, ಸಿಸ್ಟಮ್ ಒನ್ ಮಾದರಿಗಳು ಅದರಲ್ಲಿದ್ದವು. ಬಿಸಿ, ತೇವದ ಹವೆಯಲ್ಲಿ, ಮತ್ತೆ ಓಜೋನ್ ಬಿಟ್ಟು ಶುದ್ಧ ಮಾಡುವ ಉಪಕರಣ ಬಳಸಿದವರಲ್ಲಿ ಫೋಮು ಬೇಗ ಹಾಳಾಗುತ್ತದೆ ಅಂತ ತಿಳಿಸಿದರು. ನಿಮ್ಮ ಮನೆಯ ಮೆಷಿನ್ ಈ ಹೆಸರಿನದಾದರೆ ಅಡಿಯಲ್ಲಿರುವ ಸೀರಿಯಲ್ ನಂಬರ್ ಬರೆದುಕೊಂಡು ಕಂಪನಿಯ ಸರ್ವೀಸಿನವರನ್ನು ಕೇಳಿ, ಫೋಮು ಬದಲಾಗಿದೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ತೀವ್ರ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಮೆಷಿನ್ ನಿಲ್ಲಿಸುವುದೂ ತಪ್ಪು. ಸಾಬೂನು ನೀರು ಇರುವಾಗ ಓಜೋನಿನ ಉಪಕರಣ ಯಾರಿಗೂ ಬೇಡ.

ಇದೇ ಕಾರಣಕ್ಕೆ ಸೆಕೆಂಡ್ ಹ್ಯಾಂಡ್ ಮೆಷಿನ್ ಬಗ್ಗೆ ನಾವು ಬಿಗಿಯಾಗಿ ಹೇಳುತ್ತೇವೆ. ಹತ್ತು ಹದಿನೈದು ಸಾವಿರಕ್ಕೆ ಸಿಗುತ್ತದೆ ಅಂತ ಯಾರೋ ತೋರಿಸುತ್ತಾರೆ. ಎಷ್ಟು ಗಂಟೆ ಓಡಿದೆ, ಸೀರಿಯಲ್ ನಂಬರ್ ಏನು, ಬಿಲ್ ಎಲ್ಲಿ, ಈ ಮೂರಕ್ಕೆ ಉತ್ತರ ಇಲ್ಲದ ಮೆಷಿನ್ನಿಗೆ ಸಂಘದ ದುಡ್ಡು ಹೋಗಬಾರದು. ಬೇರೆಯವರ ಮಾಸ್ಕ್ ಅಂತೂ ಬೇಡವೇ ಬೇಡ. ಹೊಸ ಮಾಸ್ಕ್ ತರುವಾಗಲೂ ಒಂದು ಎಚ್ಚರಿಕೆ: ಕೆಲವು ಮಾಸ್ಕುಗಳ ಕೊಂಡಿಯಲ್ಲಿ ಮ್ಯಾಗ್ನೆಟ್ ಇರುತ್ತದೆ. ರೋಗಿಗಾಗಲಿ ಪಕ್ಕದಲ್ಲಿ ಮಲಗುವವರಿಗಾಗಲಿ ಪೇಸ್‌ಮೇಕರ್ ಹಾಕಿದ್ದರೆ, ತಲೆಯಲ್ಲಿ ಕ್ಲಿಪ್ ಇದ್ದರೆ ಅಂಥದ್ದು ಆಗದು. 2022, 2023ರಲ್ಲಿ ಕಂಪನಿಗಳೇ ಈ ಎಚ್ಚರಿಕೆ ಕೊಟ್ಟಿವೆ.

ಸಾಲದ ವಿಷಯ. ಒಂದು ಮನೆ ಅಂತ ಇಟ್ಟುಕೊಳ್ಳಿ. ಯಜಮಾನರು ಡ್ರೈವರ್, ಉಸಿರು ಕಟ್ಟುವುದು ಗಂಟೆಗೆ ನಲವತ್ತು, ಮೆಷಿನ್ ನಿಜವಾಗಿ ಕೆಟ್ಟಿದೆ. 45,000 ರೂಪಾಯಿ ಸಂಘದಿಂದ ತೆಗೆದು ಇಪ್ಪತ್ತು ತಿಂಗಳಲ್ಲಿ ಕಟ್ಟಿದರೆ ತಿಂಗಳಿಗೆ ಅಸಲು 2,250. ನೂರಕ್ಕೆ ಒಂದು ರೂಪಾಯಿ ಬಡ್ಡಿಯಂತೆ ಮೊದಲ ತಿಂಗಳ ಬಡ್ಡಿ 450, ಆಮೇಲೆ ಇಳಿಯುತ್ತಾ ಹೋಗುತ್ತದೆ. ಇದು ಹಗುರವಲ್ಲ, ಆದರೆ ಕಟ್ಟಬಹುದಾದ ಸಾಲ. ಇದು ಕಾಯಿಲೆಯ ಸಾಲ, ಆದಾಯ ತರುವುದಿಲ್ಲ ಅಂತ ಕೆಲವು ಸಂಘಗಳಲ್ಲಿ ತಳ್ಳಿಹಾಕುತ್ತಾರೆ. ನಮ್ಮ ಅಭಿಪ್ರಾಯ ಬೇರೆ. ದುಡಿಯುವವರು ಎಚ್ಚರವಾಗಿ ಸ್ಟಿಯರಿಂಗ್ ಹಿಡಿಯುವುದಕ್ಕಿಂತ ದೊಡ್ಡ ಆದಾಯ ಆ ಮನೆಗೆ ಯಾವುದಿದೆ? ಸಂಘ ತಳ್ಳಿದರೆ ಅವರು ಹೋಗುವುದು ವಾರದ ಕಂತಿನ ಮೈಕ್ರೋ ಫೈನಾನ್ಸಿಗೆ. ಆ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು, ನಿಮಗೆ ಗೊತ್ತಿರುವುದೇ. ಹಾಗಂತ ಕೇಳಿದವರಿಗೆಲ್ಲಾ ಕೊಡಿ ಅನ್ನುವುದಿಲ್ಲ. ಡಾಕ್ಟರ ಚೀಟಿ, ಸರ್ವೀಸಿನವರ ಲಿಖಿತ ವರದಿ, ಎರಡು ಕಡೆಯ ದರಪಟ್ಟಿ, ಈ ಮೂರು ಅರ್ಜಿಯ ಜೊತೆ ಇರಲಿ, ನಡವಳಿ ಪುಸ್ತಕದಲ್ಲೂ ಬರೆಯಿರಿ. ಬಿಡದಿ ಕಡೆ ಫ್ಯಾಕ್ಟರಿಯಲ್ಲಿದ್ದು ಇಎಸ್‌ಐ ಕಾರ್ಡ್ ಇರುವವರು ಕೈಯಿಂದ ದುಡ್ಡು ಹಾಕುವ ಮುಂಚೆ ಅಲ್ಲಿ ಕೇಳಿ.

ಇಷ್ಟು ಹೊತ್ತು ಗಂಡಸರ ಗೊರಕೆ ಅಂತಲೇ ಮಾತಾಡಿದೆವು. ಈ ಕಾಯಿಲೆ ಹೆಂಗಸರಿಗೂ ಇದೆ, ಮುಟ್ಟು ನಿಂತ ಮೇಲೆ ಹೆಚ್ಚು. ನಮ್ಮಲ್ಲಿ ಅದು ಜೋರು ಗೊರಕೆಯಾಗಿ ಕಾಣದೆ ಸುಸ್ತು, ತಲೆನೋವು, ನಿದ್ದೆ ಬಾರದ್ದು ಅಂತ ಕಾಣುವುದುಂಟು. ಯಜಮಾನರ ಮೆಷಿನ್ ಕೆಟ್ಟರೆ ಮಾರನೇ ದಿನವೇ ಓಡಾಟ. ಅಮ್ಮನ ಮೆಷಿನ್ ಕೆಟ್ಟರೆ "ದೀಪಾವಳಿ ಕಳೀಲಿ, ಮಗಳ ಹೆರಿಗೆ ಆಗಲಿ, ನನಗೇನು ಲಾರಿ ಓಡಿಸಬೇಕಾ" ಅಂತ ಅಮ್ಮನೇ ಹೇಳಿಬಿಡುತ್ತಾರೆ. ಬಿಪಿ, ಹೃದಯ ಲಾರಿ ಓಡಿಸುವವರಿಗೆ ಮಾತ್ರ ಇರುವುದಲ್ಲ. ಬೆಳಗಿನ ಜಾವ ಕುದಿಯುವ ನೀರಿನ ಮುಂದೆ ನೂಲು ತೆಗೆಯಲು ಕೂರುವವರಿಗೆ ತೂಕಡಿಕೆ ಬಂದರೆ ಕೈ ಎಲ್ಲಿಗೆ ಹೋಗುತ್ತದೆ? ಸಂಘದ ಸದಸ್ಯೆಯ ಹೆಸರಿನಲ್ಲಿ ಸಾಲ, ಮೆಷಿನ್ ಮನೆಯ ಬೇರೆಯವರಿಗೆ, ಸದಸ್ಯೆಗೆ ಬಂದಾಗ ಮಾತ್ರ ಮುಂದಿನ ವರ್ಷ ಅನ್ನುವುದನ್ನು ನಾವು ಒಪ್ಪುವುದಿಲ್ಲ.

ಹೊಸದು ಬರುವವರೆಗೆ ಏನು ಮಾಡುವುದು ಅಂತ ಕೇಳುತ್ತೀರಿ. ಬೆಂಗಳೂರಿನಲ್ಲಿ ಬಾಡಿಗೆಗೆ ಮೆಷಿನ್ ಕೊಡುವವರಿದ್ದಾರೆ, ರಿಪೇರಿಗೆ ಕೊಡುವಾಗಲೇ ಬದಲಿ ಕೇಳಿ. ಅದೂ ಇಲ್ಲದ ರಾತ್ರಿಗಳಲ್ಲಿ ಅಂಗಾತ ಮಲಗದೆ ಮಗ್ಗುಲಾಗಿ, ತಲೆಯ ಕಡೆ ಎತ್ತರ ಮಾಡಿ ಮಲಗಲಿ. ಕುಡಿತವೂ ನಿದ್ದೆ ಮಾತ್ರೆಯೂ ಬೇಡ. ಅಷ್ಟು ದಿನ ರಾತ್ರಿ ಗಾಡಿ, ದೂರದ ಟ್ರಿಪ್ ಬೇಡ ಅಂತ ಮನೆಯವರೆಲ್ಲಾ ಸೇರಿ ಹೇಳಿ. ಮಾರಿದವರು ವಾರಂಟಿಯೊಳಗೆ ಕೆಟ್ಟರೂ ಸರಿಮಾಡಿಕೊಡದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅದಕ್ಕೆ ಬಿಲ್ ಬೇಕು. ಆದ್ದರಿಂದ ಬಿಲ್ಲನ್ನು ಪಾಸ್‌ಬುಕ್ಕಿನ ಜೊತೆಗೇ ಇಡಿ, ಜೆರಾಕ್ಸ್ ಒಂದು ತೆಗೆಸಿ. ಬಿಲ್ಲಿನ ಅಕ್ಷರ ಬಿಸಿಲಿಗೆ ಅಳಿಸಿಹೋಗುತ್ತದೆ.

ಹೊಸ ಮೆಷಿನ್ ಬಂದ ಮೇಲೆ, ಹಳೆಯದು ಇನ್ನೂ ಓಡುತ್ತಿದ್ದು ವಾಪಸು ಕರೆದ ಮಾದರಿ ಅಲ್ಲದಿದ್ದರೆ, ಗುಜರಿಗೆ ಹಾಕಬೇಡಿ. ತೊಳೆದು ಒಣಗಿಸಿ ಒಳ್ಳೆ ಬಟ್ಟೆಯಲ್ಲಿ ಕಟ್ಟಿಡಿ, ಆಪತ್ತಿಗೆ ಬರುತ್ತದೆ. ಮುಂದಿನ ಸಭೆಗೆ ಮೆಷಿನ್ ಇರುವ ಮನೆಯವರು ಅದರ ಫಿಲ್ಟರನ್ನು ಒಂದು ಕವರಿನಲ್ಲಿ ಹಾಕಿ ತನ್ನಿ, ಎಲ್ಲರೂ ಕೂತು ನೋಡೋಣ.